ಗಿಟಾರಿನಲ್ಲಿ ನಾಟಿ ಪದದ ಜಾರು

ತಿ. ನರಸೀಪುರದಿಂದ ನಂಜನಗೂಡಿಗೆ ಬರುವ ಖಾಸಗಿ ಬಸ್ಸಿನಲ್ಲಿ ಗಿಟಾರನ್ನು ತರುವುದು ಸುಲಭದ ಕೆಲಸವಲ್ಲ. ನೆಲದ ಮೇಲೆ ಮಲಗಿಸಿದರೆ ಜನ ತುಳಿಯುತ್ತಾರೆ, ತಲೆಯ ಮೇಲಿನ ಹಲಗೆಗೆ ಏರಿಸಿದರೆ ಅದರ ಮೇಲೆ ಬಾಳೆಗೊನೆ ಬೀಳುತ್ತದೆ, ತೊಡೆಯ ಮೇಲಿಟ್ಟುಕೊಂಡರೆ ಪಕ್ಕದವರ ಮೂಗಿಗೆ ಅದರ ಕುತ್ತಿಗೆ ತಗಲುತ್ತದೆ. ನನ್ನ ಹಳೆಯ ಶಿಷ್ಯ ರಾಜೇಂದ್ರನು ಈ ಕಷ್ಟವನ್ನು ವರ್ಷಗಟ್ಟಲೆ ನಗುನಗುತ್ತ ಸಹಿಸಿದನು. ಆ ಬಸ್ಸಿನ ಕಂಡಕ್ಟರ್ ಚಿಕ್ಕಸ್ವಾಮಿಗೆ ಅವನನ್ನು ಕಂಡರೆ ಸುಮ್ಮನಿರಲಾಗುತ್ತಿರಲಿಲ್ಲ.

"ಲೇ ರಾಜೇಂದ್ರ, ಆ ನಿನ್ ಮಗೀಗೆ ಆಫ್ ಟಿಕೆಟ್ ಅರೀಲೇನ್ಲಾ?"

"ಇನ್ನೂ ಮಡ್ಲಲ್ಲಿ ಕೂತದೆ ಕಣಣ್ಣ. ನಡೆಯಕ್ ಬಂದ್ಮೇಲೆ ತಕ್ಕತೀನಿ."

ನರಸೀಪುರದ ಪ್ರೌಢಶಾಲೆಯಲ್ಲಿ ನಾನು ಅವನಿಗೆ ಕನ್ನಡ ಕಲಿಸಿದ್ದೆನು. ಬನ್ನೂರು ರಸ್ತೆಯಲ್ಲಿ ನಾಲೆಯ ಪಕ್ಕದ ಹಳ್ಳಿಯವನು. ತಂದೆ ಮಹದೇವಯ್ಯನವರು ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ತಾಯಿ ಪಾಪಮ್ಮ ನಾಟಿ, ಕಳೆ, ಕೊಯಿಲು ಎಂದು ಕೂಲಿ ಮಾಡಿ ಮಗನನ್ನು ಓದಿಸಿದರು. ಅವನಿಗೆ ಸಂಧಿ, ಸಮಾಸಗಳು ತಲೆಗೆ ಹತ್ತುತ್ತಿರಲಿಲ್ಲ. ಆದರೆ ಷಟ್ಪದಿಯನ್ನು ರಾಗವಾಗಿ ಓದು ಎಂದರೆ ಪಕ್ಕದ ಕೊಠಡಿಯ ಗಣಿತದ ಮೇಷ್ಟರೂ ಸೀಮೆಸುಣ್ಣ ಕೆಳಗಿಟ್ಟು ಕೇಳುತ್ತಿದ್ದರು.

ಶಾಲೆ ಮುಗಿಸಿ ಅವನು ನಂಜನಗೂಡಿನ ಒಂದು ದಾರದ ಕಾರ್ಖಾನೆಗೆ ಸೇರಿದನು. ತೊಂಬತ್ತರ ದಶಕದಲ್ಲಿ ಮದುವೆ, ಗಣೇಶ, ರಾಜ್ಯೋತ್ಸವ ಏನೇ ಇರಲಿ ಆರ್ಕೆಸ್ಟ್ರಾ ಬೇಕಿತ್ತು. ಪಾಳಿ ಮುಗಿಸಿದ ರಾಜೇಂದ್ರನು ಕೆಂಪು ಅಂಗಿ ತೊಟ್ಟು ವೇದಿಕೆಯ ಎಡಮೂಲೆಯಲ್ಲಿ ಗಿಟಾರ್ ಹಿಡಿದು ನಿಲ್ಲುತ್ತಿದ್ದನು. ಭಾನುವಾರಗಳಂದು ಊರಿನ ಸಮುದಾಯ ಭವನದಲ್ಲಿ, ಬುದ್ಧನ ದೊಡ್ಡ ಚಿತ್ರಪಟದ ಕೆಳಗೆ ಕುಳಿತು, ಬಂದ ಮಕ್ಕಳಿಗೆಲ್ಲ ಕಲಿಸುತ್ತಿದ್ದನು. ಎರಡು ಸಾವಿರದ ಇಸವಿ ದಾಟುತ್ತಿದ್ದಂತೆ ಆರ್ಕೆಸ್ಟ್ರಾದವರು ಹೊಸ ಕೀಬೋರ್ಡ್ ತಂದರು. ಅದರ ಒಂದು ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದಕ್ಕೆ ಕೊಳಲು, ಮತ್ತೊಂದಕ್ಕೆ ಗಿಟಾರು. ವೇದಿಕೆಯ ಎಡಮೂಲೆ ಖಾಲಿಯಾಯಿತು.

ಅವನು ಅದಕ್ಕೆ ಅತ್ತವನಲ್ಲ. ಕಲಿಸುವುದೇ ತನ್ನ ಕೆಲಸವಾಗಬೇಕೆಂದು ಅವನಿಗೆ ಆಸೆ ಹುಟ್ಟಿದ್ದೇ ಆಗ. ನಂಜನಗೂಡಿನಲ್ಲಿ ಒಂದು ಖಾಸಗಿ ಶಾಲೆಯವರು ಸಂಗೀತ ಕಲಿಸುವವರನ್ನು ಹುಡುಕುತ್ತಿದ್ದರು. ನಿವೃತ್ತನಾಗಿ ಆ ಊರಿನಲ್ಲೇ ನೆಲೆಸಿದ್ದ ನಾನು ಅವನನ್ನು ಶಾಲೆಯ ಕಾರ್ಯದರ್ಶಿ ಗಂಗಾಧರಸ್ವಾಮಿಯವರ ಬಳಿಗೆ ಕರೆದೊಯ್ದೆನು. ಅವರು ಅಕ್ಕಿ ಮಂಡಿಯ ವ್ಯಾಪಾರಸ್ಥರು, ಮಾತಿನಲ್ಲಿ ಸಜ್ಜನರು. ರಾಜೇಂದ್ರನು ನುಡಿಸಿದ್ದನ್ನು ಕಣ್ಣುಮುಚ್ಚಿ ಕೇಳಿದರು.

"ನನ್ಗೇನೋ ಒಪ್ಗೆ ಕಣ್ರೀ ಮೇಷ್ಟ್ರೆ. ಆದ್ರೆ ಕಮಿಟಿಯವ್ರು ಸರ್ಟಿಫಿಕೇಟ್ ಎಲ್ಲಿ ಅಂತಾರೆ. ದಸರಾ ರಜ ಮುಗಿಯೋವರ್ಗೂ ಜಾಗ ಇಟ್ಟಿರ್ತೀನಿ. ಅಷ್ಟರೊಳ್ಗೆ ಒಂದು ತಂದ್ಬಿಡಿ."

ಹೀಗೆ ನಲವತ್ತರ ಹತ್ತಿರ ಬಂದ ರಾಜೇಂದ್ರನು ಲಂಡನ್ನಿನ ಸಂಗೀತ ಸಂಸ್ಥೆಯೊಂದು ಮೈಸೂರಿನಲ್ಲಿ ನಡೆಸುವ ಪರೀಕ್ಷೆಗೆ ಹಣ ಕಟ್ಟಿದನು. ಆ ಪರೀಕ್ಷೆಯಲ್ಲಿ ಅವರು ಹೇಳಿದ ಪಾಠಗಳ ಜೊತೆಗೆ ನಾವೇ ಆರಿಸಿದ ಒಂದು ರಚನೆಯನ್ನು ನುಡಿಸಬಹುದು. ನಿಯಮ ಒಂದೇ: ಅದನ್ನು ಅಚ್ಚುಕಟ್ಟಾಗಿ ಮುದ್ರಿಸಿ ಪರೀಕ್ಷಕರ ಕೈಗೆ ಕೊಡಬೇಕು, ಕಾಗದದಲ್ಲಿ ಇದ್ದಂತೆಯೇ ನುಡಿಸಬೇಕು. ರಾಜೇಂದ್ರನು ತಾಯಿ ಹಾಡುತ್ತಿದ್ದ ನಾಟಿ ಪದವನ್ನು ಆರಿಸಿಕೊಂಡು ಪರೀಕ್ಷೆಗೆ ಅದರ ಹೆಸರನ್ನೂ ಕೊಟ್ಟುಬಿಟ್ಟನು.

"ನೀರು ಬಂದಾವೆ ತಾಯಿ ನಾಲೆ ತುಂಬಾವೆ, ಪೈರು ಕೇಳಾವೆ ನಮ್ಮ ಗದ್ದೆ ಎಲ್ಲವ್ವಾ" ಎಂದು ಆ ಪದ. ಆ ಕೊನೆಯ 'ವ್ವಾ' ಮೇಲಿನಿಂದ ಕೆಳಕ್ಕೆ ಜಾರಿ ಬರುತ್ತದೆ. ಗಿಟಾರಿನಲ್ಲಿ ಬೆರಳನ್ನು ತಂತಿಯಿಂದ ಎತ್ತದೆ ಕುತ್ತಿಗೆಯ ಮೇಲಿನ ಒಂದು ಲೋಹದ ಪಟ್ಟಿಯಿಂದ ಇನ್ನೊಂದಕ್ಕೆ ಎಳೆದರೆ ಇಂಥ ಜಾರು ಹುಟ್ಟುತ್ತದೆ. ರಾಜೇಂದ್ರನ ಜಾರು ಕೇಳಿದರೆ ಪಾಪಮ್ಮನೇ ಹಾಡಿದಂತೆ ಇರುತ್ತಿತ್ತು.

ಬರೆಯುವುದಕ್ಕೆ ಶಿವರಂಜನಿಯ ಅಂಗಡಿಗೆ ಹೋದೆವು. ಬಸ್ ನಿಲ್ದಾಣದ ಎದುರಿಗೆ ಮದುವೆ ಕಾರ್ಡು, ನಾಮಕರಣದ ಕಾರ್ಡು ಅಚ್ಚಿಗೆ ಸಿದ್ಧಪಡಿಸುವ ಡಿ.ಟಿ.ಪಿ. ಅಂಗಡಿ ಅವಳದು. ಅಲ್ಲಿ ನಾನು ಕಾಗುಣಿತ ತಿದ್ದಿಕೊಟ್ಟು ಕಾಫಿ ಕುಡಿದು ಬರುವುದು ವಾಡಿಕೆ. ಮೈಸೂರಿನಿಂದ ರಾಜೇಂದ್ರ ತಂದಿದ್ದ ಸಿ.ಡಿ.ಯಿಂದ ಅವಳು ಸಂಗೀತ ಬರೆಯುವ ಸಾಫ್ಟ್‌ವೇರ್ ಅನ್ನು ಕಂಪ್ಯೂಟರಿಗೆ ಹಾಕಿದಳು.

ಪರದೆಯ ಮೇಲೆ ಆರು ಅಡ್ಡಗೆರೆಗಳು ಮೂಡಿದವು. ಆರು ಗೆರೆ ಎಂದರೆ ಆರು ತಂತಿ. ಯಾವ ತಂತಿಯನ್ನು ಎಷ್ಟನೆಯ ಪಟ್ಟಿಯಲ್ಲಿ ಒತ್ತಬೇಕೋ ಆ ಅಂಕಿಯನ್ನು ಆ ಗೆರೆಯ ಮೇಲೆ ಬರೆಯಬೇಕು. ಇದಕ್ಕೆ ಟ್ಯಾಬ್ ಎಂದು ಹೆಸರು. ಅದರ ಮೇಲೆ ಇಂಗ್ಲಿಷ್ ಸ್ವರಗಳ ಸಾಲು ತಾನಾಗಿ ಮೂಡಿ, ಯಾವ ಸ್ವರ ಎಷ್ಟು ಹೊತ್ತು ಎಂದು ತಿಳಿಸುತ್ತದೆ. ಜಾರಿಗೆ ಎರಡು ಅಂಕಿಗಳ ನಡುವೆ ಓರೆಗೆರೆ. ಒಂಬತ್ತರಿಂದ ಐದಕ್ಕೆ ಇಳಿಯುವುದಾದರೆ ಗೆರೆಯೂ ಇಳಿಯುತ್ತದೆ. ಗೆರೆಯ ಮೇಲೆ ಕಮಾನು ಇದ್ದರೆ ಎರಡನೆಯ ಸ್ವರವನ್ನು ಮತ್ತೆ ಮೀಟಬಾರದು, ಜಾರಿನ ಉಸಿರಿನಲ್ಲೇ ಅದು ಕೇಳಬೇಕು. ಇಷ್ಟನ್ನು ಕೇಳಿದಾಗ ನನಗೆ, ಇದು ಎರಡು ಪದಗಳು ಸೇರಿ ನಡುವಿನ ಅಕ್ಷರ ಕರಗುವಂತೆಯೇ ಇದೆಯಲ್ಲ ಎಂದು ಸಂತೋಷವಾಯಿತು. ಅದನ್ನು ಹೇಳಿದೆನು.

"ಮೇಷ್ಟ್ರೆ, ಆ ಸಂಧಿಗಳ್ನ ಇಲ್ಲಿಗೂ ತರ್ಬೇಡಿ," ಎಂದಳು ಶಿವರಂಜನಿ. "ಅಂಕಿ ಹೇಳಿ ರಾಜೇಂದ್ರಣ್ಣ."

ಅಂಕಿಗಳು ಸರಾಗವಾಗಿ ಹೋದವು. ಲಂಬಗೆರೆಗಳು ಸಾಲನ್ನು ಅಂಕಣ ಅಂಕಣವಾಗಿ ಭಾಗಿಸಿದ್ದವು. ಒಂದು ಅಂಕಣಕ್ಕೆ ನಾಲ್ಕು ಎಣಿಕೆ. ಮೊದಲನೆಯದು ತುಂಬಿತು, ಎರಡನೆಯದು, ಮೂರನೆಯದು. ನಾಲ್ಕನೆಯ ಅಂಕಣದಲ್ಲಿ ಜಾರು ಬಂತು. ರಾಜೇಂದ್ರನು ನುಡಿಸಿ ತೋರಿಸಿದನು, ಅವಳು ಅಷ್ಟು ಉದ್ದದ ಸ್ವರ ಹಾಕಿದಳು, ಅಂಕಣ ಪೂರ್ತಿ ಕೆಂಪು ಬಣ್ಣಕ್ಕೆ ತಿರುಗಿತು.

"ಏನಂತೆ ಅದಕ್ಕೆ?" ಎಂದೆನು.

"ಜಾಸ್ತಿ ತುಂಬಿದೀರಿ ಅಂತ ಬೈತಾ ಇದೆ. ನಾಲ್ಕು ಅಂದ್ರೆ ನಾಲ್ಕೇ."

ಜಾರನ್ನು ಮೊಟಕು ಮಾಡಿದಳು. ಕೆಂಪು ಹೋಯಿತು. ನುಡಿಸುವ ಗುಂಡಿ ಒತ್ತಿದಳು. ಕಂಪ್ಯೂಟರು ಡಬ್ಬಿಯ ದನಿಯಲ್ಲಿ ನಾಟಿ ಪದವನ್ನು ನುಡಿಸಿ, ಕೊನೆಗೆ ಬಾಳೆಸಿಪ್ಪೆ ತುಳಿದವನಂತೆ ಸರಕ್ಕೆಂದು ಜಾರಿ ಮುಂದಿನ ಸಾಲಿಗೆ ಬಿದ್ದಿತು. ಕಾರ್ಡು ಒಯ್ಯಲು ಬಂದಿದ್ದ ಗಿರಾಕಿಯೂ ನಕ್ಕನು.

ಇನ್ನಷ್ಟು ಉದ್ದ ಮಾಡಿದರೆ ಕೆಂಪು. ಮೊಟಕು ಮಾಡಿದರೆ ಬಾಳೆಸಿಪ್ಪೆ. ಕೊನೆಗೆ ಅವಳು ಎಲ್ಲಿಂದಲೋ ಕಣ್ಣಿನಂತಿದ್ದ ಒಂದು ಗುರುತನ್ನು ಹುಡುಕಿ ತಂದಳು. ಅದು ಸ್ವರದ ಮೇಲಿದ್ದರೆ ಮನಸ್ಸು ಬಂದಷ್ಟು ಹೊತ್ತು ನಿಲ್ಲಬಹುದಂತೆ.

"ಇದ್ನ ಹಾಕ್ಬಿಡ್ಲಾ? ಮುಗೀತು ತಾಪತ್ರಯ."

ರಾಜೇಂದ್ರನು ಪರದೆಯ ಮೇಲಿನ ಆ ಗುರುತಿಗೆ ಬೆರಳು ತೋರಿಸಿದನು. "ಬ್ಯಾಡ ಕಣಕ್ಕ. ಅದು ಮನ್ಸ್ ಬಂದಷ್ಟಲ್ಲ. ಅದ್ಕೊಂದು ಅಳತೆ ಅದೆ. ಎಷ್ಟು ಅಂತ ನಂಗೇ ಗೊತ್ತಿಲ್ಲ, ಅಷ್ಟೆ."

ಗೊತ್ತಿಲ್ಲದ್ದು ನಿಜವೇ ಆಗಿತ್ತು. ಶಿವರಂಜನಿ ಮುದ್ರಿತ ಕಾಗದದ ಮೇಲೆ ಬೆರಳಿಟ್ಟು, ಅವನು ನುಡಿಸಿದಂತೆ ಎಣಿಸುತ್ತ ಬಂದಳು. ಒಮ್ಮೆ ಅವನ ಜಾರು ಎಣಿಕೆಗಿಂತ ತುಸು ಹೆಚ್ಚು, ಮತ್ತೊಮ್ಮೆ ಬಹಳ ಹೆಚ್ಚು, ಇನ್ನೊಮ್ಮೆ ನಡುವೆ ಎಲ್ಲೋ. ಅವಳು ಕಾಗದದಿಂದ ಬೆರಳನ್ನು ತೆಗೆದಳು. ರಾಜೇಂದ್ರನ ಮುಖ ಮೊದಲ ಬಾರಿಗೆ ಚಿಕ್ಕದಾಯಿತು.

ಬಸ್ಸಿಗೆ ಕಾಯುವಾಗ ಹೇಳಿದನು, "ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ದೇವರಾಜು ಯಾವಾಗ್ಲೂ ಅಂತಿದ್ದ ಸಾ. ನಿಂಗೆ ರಾಗ ಅದೆ, ತಾಳ ಇಲ್ಲ, ನಮ್ಮುನ್ನೆಲ್ಲ ಇಂದಕ್ಕೆ ಎಳೀತೀಯ ಅಂತ. ತಮಾಸೆ ಅನ್ಕಂಡಿದ್ದೆ. ತಾಳ ಇಲ್ದೋನು ಮಕ್ಳಿಗೆ ಏನ್ ಕಲ್ಸಾನು? ಸರ್ಟಿಫಿಕೇಟ್ ಕೊಟ್ರೂ ತಕ್ಕಬಾರ್ದು."

"ನಿಮ್ಮಮ್ಮ ಹಾಡುವಾಗ ಎಷ್ಟು ಹೊತ್ತು ಜಾರುತ್ತಾರೋ ಅಷ್ಟು. ಅವರನ್ನೇ ಕೇಳಿದರಾಯಿತು," ಎಂದೆನು.

ಮರುದಿನವೇ ಅವನ ಹಳ್ಳಿಗೆ ಹೋದೆವು. ಪಾಪಮ್ಮ ಜಗುಲಿಯ ಮೇಲೆ ಕಡಲೆಕಾಯಿ ಸುಲಿಯುತ್ತ ಕುಳಿತಿದ್ದರು. ಮಗನ ಮಾತು ಕೇಳಿ, ಸೆರಗು ಸರಿಮಾಡಿಕೊಂಡು, ಮೇಷ್ಟ್ರು ಬಂದಿದ್ದಾರೆಂದು ಬಹಳ ಮರ್ಯಾದೆಯಿಂದ ಹಾಡಿದರು. ಇಡೀ ಪದದಲ್ಲಿ ಜಾರೇ ಇರಲಿಲ್ಲ. 'ಎಲ್ಲವ್ವ' ಎಂದು ಬಾಗಿಲು ಹಾಕಿದಂತೆ ಮುಗಿಸಿಬಿಟ್ಟರು.

"ಅವ್ವ, ಕೊನೇಲಿ ಎಳೀಬೇಕಲ್ವಾ?"

"ಏನ್ ಎಳೆಯದ್ಲಾ?"

"ವ್ವಾ… ಅಂತ ಎಳೀತಿದ್ದಲ್ಲವ್ವ."

"ನಾನ್ಯಾವಾಗ ಎಳ್ದೆ? ಪದ ಇಂಗೇ ಇರಾದು."

ಇನ್ನೊಮ್ಮೆ ಹಾಡಿದರು. ಇಲ್ಲ. ರಾಜೇಂದ್ರನು ಗಿಟಾರಿನಲ್ಲಿ ನುಡಿಸಿ ತೋರಿಸಿದನು. "ಅಂಗೇ ಅಲ್ವೇನೋ ನಾನು ಅಂದುದ್ದು?" ಎಂದು ಅವರೇ ಅವನನ್ನು ಕೇಳಿದರು. ಮಗನು ತಲೆಯ ಮೇಲೆ ಕೈಯಿಟ್ಟು ಕುಳಿತನು. ಇಷ್ಟು ವರ್ಷ ತಾನು ಜೋಪಾನ ಮಾಡಿಕೊಂಡು ಬಂದ ಜಾರು ತನ್ನದೇ ಕಲ್ಪನೆಯೋ ಏನೋ ಎಂದು ಅವನಿಗೆ ಅನುಮಾನ ಬಂದಿರಬೇಕು.

ಆಗ ಆಗಸ್ಟ್ ತಿಂಗಳು, ನಾಲೆಗೆ ನೀರು ಬಿಟ್ಟಿದ್ದರು. ಪಕ್ಕದ ಮನೆಯ ಮುದ್ದಮ್ಮ ಬಾಗಿಲಲ್ಲಿ ಬಂದು ಕೂಗಿದರು. "ಪಾಪಕ್ಕ, ಇನ್ನೂ ಕಾಯಿ ಸುಲೀತ ಕೂತಿದ್ದೀಯ? ಚಾಮಯ್ಯನ ಗದ್ದೇಲಿ ಎಲ್ರೂ ಇಳ್ದಾಯ್ತು."

ಪಾಪಮ್ಮ ಎದ್ದು ಹೊರಟರು. ಬೇರೆ ಕೆಲಸವಿಲ್ಲದ ನಾವೂ ಹಿಂದೆ ಹೋದೆವು. ಹೆಂಗಸರು ಸೀರೆ ಎತ್ತಿ ಕಟ್ಟಿ, ಸಾಲಾಗಿ ಬಗ್ಗಿ, ಎಡಗೈಯಲ್ಲಿ ಪೈರಿನ ಕಟ್ಟು ಹಿಡಿದು ನೆಡಲು ತೊಡಗಿದ್ದರು. ನಾನು ಬದುವಿನ ಮೇಲೆ ಕರವಸ್ತ್ರ ಹಾಸಿ ಕುಳಿತೆನು. ಪಾಪಮ್ಮ ಸಾಲಿನ ನಡುವೆ ಸೇರಿದರು. ಸ್ವಲ್ಪ ಹೊತ್ತಿಗೆ ಪದ ಎತ್ತಿದರು. ಉಳಿದವರು ದನಿಗೂಡಿಸಿದರು. ಸಾಲಿನ ಕೊನೆಗೆ ಬಂದಾಗ ಎಲ್ಲರ ಕಂಠದಿಂದಲೂ ಒಟ್ಟಿಗೆ ಆ 'ವ್ವಾ' ಉದ್ದಕ್ಕೆ ಜಾರಿ ಕೆಳಗಿಳಿಯಿತು.

ರಾಜೇಂದ್ರನು ನನ್ನ ಭುಜ ಹಿಡಿದನು. "ಸಾ. ಇದೇ ಸಾ."

ಎಷ್ಟು ಉದ್ದ ಎಂದು ಎಣಿಸಲು ನೋಡಿದೆವು. ನಾನು ಬೆರಳು ಮಡಿಸಿದೆನು, ಅವನು ತೊಡೆ ತಟ್ಟಿದನು. ನನ್ನ ಲೆಕ್ಕಕ್ಕೂ ಅವನ ಲೆಕ್ಕಕ್ಕೂ ಹೊಂದಲಿಲ್ಲ. ದೂರದಿಂದ ಕೇಳಿದರೆ ಜಾರಿನ ಮೊದಲೂ ಕೊನೆಯೂ ಗೊತ್ತಾಗುತ್ತಿರಲಿಲ್ಲ. ಅವನು ಹುಡುಗನಾಗಿದ್ದಾಗ ಕೇಳಿದ್ದೂ ಹೀಗೆ ಬದುವಿನ ಮೇಲೆ ಕುಳಿತೇ. ನಮ್ಮ ಕಡೆ ಗಂಡಸರು ಪೈರು ಕೀಳುತ್ತಾರೆ, ಹೊರುತ್ತಾರೆ, ಸಾಲಿನಲ್ಲಿ ನಿಂತು ನೆಡುವುದಿಲ್ಲ.

ಅವನು ಎದ್ದು ಪ್ಯಾಂಟನ್ನು ಮಂಡಿಯವರೆಗೆ ಮಡಿಸಿದನು.

"ಎತ್ಲಾಗ್ಲಾ?" ಎಂದರು ಮುದ್ದಮ್ಮ.

"ಒಸಿ ಜಾಗ ಬುಡು ಚಿಕ್ಕವ್ವ. ನಾನೂ ನೆಡ್ತೀನಿ."

ಸಾಲಿಗೆ ಸಾಲೇ ನಿಂತು ನಕ್ಕಿತು. "ಪಾಪಕ್ಕ, ನಿನ್ ಮಗುಂಗೆ ಸೀರೆ ಉಡ್ಸಾದಲ್ವಾ?" "ಪೈರು ನೆಡ್ತೀಯೋ, ಗಿಟಾರ್ ನೆಡ್ತೀಯೋ?" "ಬುಡ್ರವ್ವ, ಆ ಕಡೆ ಮೂಲೇಲಿ ನಿಲ್ಲುಸ್ಕಳಿ, ಬೆದ್ರುಬೊಂಬೆ ಆದ್ರೂ ಆಗ್ಲಿ."

ತಾಯಿ ಮಾತ್ರ ನಗದೆ ಅವನ ಕೈಗೆ ಪೈರಿನ ಕಟ್ಟು ಕೊಟ್ಟರು. ಪದ ಮತ್ತೆ ಎದ್ದಿತು. ಹಾಡಿನ ಒಂದು ಸಾಲು ಮುಗಿಯುವಷ್ಟರಲ್ಲಿ ಪ್ರತಿಯೊಬ್ಬರೂ ಕೈಗೆಟುಕಿದಷ್ಟು ನೆಡುತ್ತಾರೆ. ಆಮೇಲೆ ಎಲ್ಲರೂ ಒಟ್ಟಿಗೆ ಹಿಂದಕ್ಕೆ ಸರಿಯಬೇಕು. ಒಬ್ಬರು ಮುಂಚೆ, ಒಬ್ಬರು ಆಮೇಲೆ ಸರಿದರೆ ಸಾಲು ಸೊಟ್ಟಗಾಗುತ್ತದೆ. ರಾಜೇಂದ್ರನಿಗೆ ಇದು ತಿಳಿಯದು. ಅವರೆಲ್ಲ ಹಿಂದಕ್ಕೆ ಹೋದರು, ಇವನೊಬ್ಬನು ಪೈರಿನ ನಡುವೆ ಉಳಿದು, ಕಾಲು ಕೀಳಲಾರದೆ ಕೆಸರಿನಲ್ಲಿ ಕುಳಿತನು.

ಮತ್ತೆ ನಗು. ಎದ್ದನು. ಮುಂದಿನ ಸಾಲಿಗೆ ತಾಯಿಯ ಕಾಲನ್ನೇ ನೋಡುತ್ತ ನೆಟ್ಟನು. 'ವ್ವಾ' ಎಂಬುದು ಶುರುವಾಗುವುದಕ್ಕೂ ಪಾಪಮ್ಮ ಬಲಗಾಲನ್ನು ಕೆಸರಿನಿಂದ ಕೀಳುವುದಕ್ಕೂ ಸರಿಹೋಯಿತು. ಬಲಗಾಲು ಹಿಂದೆ ಊರಿತು, ಎಡಗಾಲು ಕಿತ್ತು ಬಂತು, ಅದೂ ಊರಿದಾಗ ಜಾರು ತಳ ಮುಟ್ಟಿತು. ಹೊಸ ಸಾಲು ಹೊರಟಿತು. ಅವನೂ ಅವರೊಡನೆ ಸರಿದನು. ಈ ಬಾರಿ ಬೀಳಲಿಲ್ಲ. ಇನ್ನೊಂದು ಸಾಲು, ಮತ್ತೊಂದು. ಗದ್ದೆಯ ಒಂದು ತಗ್ಗಿನಲ್ಲಿ ಕೆಸರು ಆಳವಾಗಿತ್ತು, ಅಲ್ಲಿಗೆ ಬಂದಾಗ ಇಡೀ ಹಾಡೇ ನಿಧಾನವಾಯಿತು. ಆದರೂ ಕಾಲಿನ ಲೆಕ್ಕ ಬದಲಾಗಲಿಲ್ಲ.

ಕೆಸರು ಮೆತ್ತಿದ ಮುಖವನ್ನು ಎತ್ತಿ ಅವನು ಬದುವಿನ ಕಡೆಗೆ ಕೂಗಿದನು. "ಸಾ, ಬಲಗಾಲು ಒಂದು, ಎಡಗಾಲು ಒಂದು. ಎರಡು ಸಾ. ಯಾವಾಗ್ಲೂ ಎರಡೇ."

"ಕುಂತ್ಕಂಡು ಆಡಿದ್ರೆ ಕಾಲೆಲ್ಲಿ ಕೀಳ್ತೀನಿ ನಾನು?" ಎಂದರು ಪಾಪಮ್ಮ, ತಮಗೂ ಆಗಲೇ ಹೊಳೆದಂತೆ. "ಅದ್ಕೇ ಬರ್ನಿಲ್ಲ ಅನ್ನು."

ಅಂಗಡಿಗೆ ಬಂದು ಹೇಳಿದಾಗ ಶಿವರಂಜನಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. "ಅಂದ್ರೆ ನಾಲ್ಕನೇ ಅಂಕಣಕ್ಕೆ ಮಾತ್ರ ಆರು ಎಣಿಕೆ. ನಾಲ್ಕು ಹಾಡಿಗೆ, ಎರಡು ಕಾಲಿಗೆ. ಮೊದಲೇ ಹೇಳೋಕೇನಾಗಿತ್ತು?" ಆ ಒಂದು ಅಂಕಣವನ್ನು ಆರಿಸಿ, ಅದರ ತಲೆಯ ಮೇಲೆ ಆರು ಎಂದು ಹಾಕಿದಳು. ಒಂಬತ್ತರಿಂದ ಐದಕ್ಕೆ ಉದ್ದನೆಯ ಓರೆಗೆರೆ ಎಳೆದಳು, ಮೇಲೆ ಕಮಾನು ಕೂರಿಸಿದಳು. ನಾವು ಮೂವರೂ ಅಂಕಣವನ್ನೇ ನೋಡಿದೆವು. ಕೆಂಪಾಗಲಿಲ್ಲ. ಕಂಪ್ಯೂಟರು ಈಗಲೂ ಡಬ್ಬಿಯ ದನಿಯಲ್ಲೇ ನುಡಿಸಿತು, ಆದರೆ ಯಾರೂ ನಗಲಿಲ್ಲ. ರಾಜೇಂದ್ರನ ಬಲಗಾಲು ಕುರ್ಚಿಯ ಕೆಳಗೆ ಹಿಂದಕ್ಕೆ ಸರಿದದ್ದನ್ನು ಕಂಡೆನು.

ಅಂದಿನಿಂದ ಅವನು ಜಾರು ಬಂದಾಗಲೆಲ್ಲ ಮನಸ್ಸಿನಲ್ಲೇ ಕಾಲು ಕಿತ್ತು ಅಭ್ಯಾಸ ಮಾಡಿದನು. ಹತ್ತು ಸಲ ನುಡಿಸಿದರೂ ಶಿವರಂಜನಿಯ ಬೆರಳು ಕಾಗದದ ಮೇಲೆ ಅವನ ಜೊತೆಗೇ ಹೋಗುತ್ತಿತ್ತು.

ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ಪರೀಕ್ಷೆ. ಹೊರಗಿನ ಬೆಂಚುಗಳ ಮೇಲೆ ರಿಬ್ಬನ್ ಕಟ್ಟಿದ ಹುಡುಗಿಯರು, ಟೈ ಕಟ್ಟಿದ ಹುಡುಗರು, ಅವರ ತಾಯಂದಿರು. ಬಾಗಿಲಲ್ಲಿದ್ದ ಹೆಂಗಸು ರಾಜೇಂದ್ರನ ಮೀಸೆಯನ್ನು ನೋಡಿ, "ಪೇರೆಂಟ್ಸು ಆ ಕಡೆ ಕೂತ್ಕೋಬೇಕು. ನಿಮ್ಮ ಮಗು ಎಲ್ಲಿ?" ಎಂದಳು.

"ನಾನೇ ಮೇಡಂ ಮಗು," ಎಂದನು ಅವನು. "ಪೇರೆಂಟ್ ಇವ್ರು," ಎಂದು ನನ್ನನ್ನು ತೋರಿಸಿದನು.

ಒಳಗೆ ಹೋದವನು ಅರ್ಧ ಗಂಟೆಗೂ ಹೆಚ್ಚು ಬರಲಿಲ್ಲ. ಬಂದಾಗ ಅಂಗಿ ಬೆವತಿತ್ತು. ಹೋಟೆಲಿನಲ್ಲಿ ಮಸಾಲೆ ದೋಸೆಯ ಮುಂದೆ ಕೂರಿಸಿದ ಮೇಲೆ ಬಾಯಿಬಿಟ್ಟನು.

"ಎಲ್ಲಾ ಎಡವಟ್ಟಾಯ್ತು ಅನ್ಸುತ್ತೆ ಸಾ. ಆಯಮ್ಮ ಇಂಗ್ಲೆಂಡಿನೋರು. ನಾಟಿ ಪದ ನುಡುಸ್ದೆ. ಚೆಂದಾಗೇ ಬಂತು. ಆಯಮ್ಮ ಕಾಗದ ನೋಡಿ, ಇಲ್ಲಿ ಮಾತ್ರ ಆರು ಯಾಕೆ ಅಂದ್ರು. ಇಂಗ್ಲಿಷಲ್ಲಿ ಕೆಸರಿಗೆ ಏನಂತಾರೆ ಅಂತ್ಲೇ ನೆಪ್ಪಾಗ್ನಿಲ್ಲ."

"ಮತ್ತೆ ಏನು ಮಾಡಿದೆ?"

"ಗಿಟಾರ್ ತಗ್ಲಾಕ್ಕಂಡು ಎದ್ ನಿಂತ್ಕಂಡೆ. ಬಗ್ಗಿ ನುಡುಸ್ಕಂಡು ಇಂದಿಂದಕ್ಕೆ ಎಜ್ಜೆ ಇಟ್ಟೆ. ಎರಡ್ನೇ ಸಲಕ್ಕೆ ಪಿಯಾನೋದ ಸ್ಟೂಲು ಕಾಲಿಗೆ ತಗಲಿ ಉರುಳ್ಕೊಂಡೋಯ್ತು."

"ಅವರು?"

"ಸ್ಟೂಲ್ ಎತ್ತಿಟ್ಟು, ಎಗೇನ್ ಅಂದ್ರು. ಮತ್ತೆ ತೋರುಸ್ದೆ. ಏನೋ ಬರ್ಕಂಡ್ರು. ಆಮೇಲೆ ಕಾಗದ ಕೊಟ್ಟು ಗೊತ್ತಿಲ್ದೆ ಇರೋದು ನುಡ್ಸು ಅಂದ್ರಲ್ಲ, ಅದ್ರಲ್ಲಿ ಗುಂಡಿ ತೋಡ್ಕಂಡೆ ಸಾ." ಹೇಳಿ ದೋಸೆಯನ್ನು ಮುರಿದನು. ಗೋಳಿನ ನಡುವೆಯೂ ಚಟ್ನಿ ಎರಡು ಸಲ ಹಾಕಿಸಿಕೊಂಡದ್ದರಿಂದ ನನಗೆ ಹೆಚ್ಚು ಚಿಂತೆಯಾಗಲಿಲ್ಲ.

ಫಲಿತಾಂಶ ಬರುವಷ್ಟರಲ್ಲಿ ದಸರಾ ಬಂದುಹೋಯಿತು. ರಜ ಮುಗಿಯಲು ಎರಡು ದಿನವಿದೆ ಎನ್ನುವಾಗ ಅಂಚೆಯಲ್ಲಿ ದಪ್ಪ ಲಕೋಟೆ ಬಂದಿತು. ಗೊತ್ತಿಲ್ಲದ್ದನ್ನು ನೋಡಿ ನುಡಿಸುವುದರಲ್ಲಿ ಅಂಕಗಳು ನಿಜವಾಗಿಯೂ ಗುಂಡಿಗೆ ಬಿದ್ದಿದ್ದವು. ನಾಟಿ ಪದಕ್ಕೆ ಸಿಕ್ಕಿದ್ದರಿಂದ ಒಟ್ಟು ಮೇಲೆದ್ದು ತೇರ್ಗಡೆಯಾಗಿದ್ದನು. ಪರೀಕ್ಷಕಿ ಎರಡು ಸಾಲು ಬರೆದಿದ್ದರು. ಅದರ ತಾತ್ಪರ್ಯ ಹೀಗಿತ್ತು: ತಾಳ ಖಚಿತವಾಗಿದೆ, ಆರು ಎಣಿಕೆಯ ಅಂಕಣದಲ್ಲಿ ವಿಶೇಷವಾಗಿ. ಅದನ್ನು ನಾನು ಓದಿ ಹೇಳಿದಾಗ ಅವನು ಇನ್ನೊಂದು ಸಲ ಓದಿಸಿದನು, ಆಮೇಲೆ ದೇವರಾಜುವಿಗೆ ತೋರಿಸಬೇಕೆಂದು ಅದರ ಜೆರಾಕ್ಸ್ ಮಾಡಿಸಿದನು.

ಅಂದು ಸಂಜೆಯೇ ಅಕ್ಕಿ ಮಂಡಿಗೆ ಹೋದೆವು. ಗಂಗಾಧರಸ್ವಾಮಿಯವರು ತಕ್ಕಡಿಯ ಬಳಿ ನಿಂತಿದ್ದರು. ಕೈಯ ತೌಡನ್ನು ಪಂಚೆಗೆ ಒರೆಸಿಕೊಂಡು ಸರ್ಟಿಫಿಕೇಟನ್ನು ತುದಿಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ಓದಿದರು. ಜೋಪಾನವಾಗಿ ಮಡಿಸದೆ ಹಿಂದಕ್ಕೆ ಕೊಟ್ಟರು.

"ಸೋಮವಾರ ಪ್ರೇಯರ್ ಹೊತ್ತಿಗೆ ಬಂದ್ಬಿಡಿ ಮೇಷ್ಟ್ರೆ," ಎಂದರು.

ರಾಜೇಂದ್ರನು ನನ್ನ ಕಡೆ ನೋಡಿದನು, ನಾನೇನು ಉತ್ತರ ಕೊಡುತ್ತೇನೋ ಎಂದು.

"ಅವ್ರನ್ನಲ್ಲ ಕಣ್ರೀ, ನಿಮ್ಮನ್ನೇ ಕರೀತಿರೋದು," ಎಂದರು ಗಂಗಾಧರಸ್ವಾಮಿ. "ಬರ್ತೀರಿ ತಾನೆ?"

"ಬತ್ತೀನಿ ಸಾ," ಎಂದನು ರಾಜೇಂದ್ರ.